ಊರಿನ ವಾಟ್ಸಾಪ್ ಗ್ರೂಪ್ ನಡೆಸುವವರಿಗೆ: ಮೊದಲು ಒಳಗಿರುವವರ ವಯಸ್ಸು ನೋಡಿ, ಆಮೇಲೆ ನಿಯಮ ಮಾಡಿ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಗ್ರೂಪ್ ಮಾಡಿದ್ದು ಊರಿನ ಕೆಲಸಕ್ಕೆ, ಈಗ ಅದು ಕೈ ಮೀರಿ ಹೋಗಿದೆ, ಏನು ಮಾಡುವುದು? ಒಬ್ಬರದು ಓಣಿಯ ಗ್ರೂಪ್, ಇನ್ನೊಬ್ಬರದು ತೊಗರಿ ಬೆಳೆಗಾರರದು, ಮತ್ತೊಬ್ಬರದು ಹಳೆಯ ವಿದ್ಯಾರ್ಥಿಗಳದು. ಆದರೆ ತೊಂದರೆ ಹೆಚ್ಚು ಕಡಿಮೆ ಎಲ್ಲ ಕಡೆ ಅದೇ. ಹಿರಿಯರು ಬೆಳಗಾದರೆ ಹತ್ತು ಫಾರ್ವರ್ಡ್ ಹಾಕುತ್ತಾರೆ, ಹುಡುಗರು ಮ್ಯೂಟ್ ಮಾಡಿ ಕೂತಿದ್ದಾರೆ, ಹೆಣ್ಣುಮಕ್ಕಳು ಬಾಯಿ ಬಿಡುವುದಿಲ್ಲ, ಯಾರಾದರೂ ಒಂದು ಮಾತು ತಿದ್ದಿದರೆ ಜಗಳ ಶುರು.

ಇದಕ್ಕೆ ಎಲ್ಲರೂ ಮಾಡುವ ಮೊದಲ ಕೆಲಸ ಅಂದರೆ ಇಪ್ಪತ್ತು ನಿಯಮ ಟೈಪ್ ಮಾಡಿ ಗ್ರೂಪ್‌ಗೆ ಹಾಕುವುದು. ಅದನ್ನು ಯಾರೂ ಓದುವುದಿಲ್ಲ. ಹದಿನಾರರ ಹುಡುಗನಿಗೆ ಬೇಕಾದ ನಿಯಮ ಬೇರೆ, ಎಪ್ಪತ್ತರ ಮುತ್ಯಾನಿಗೆ ಬೇಕಾದದ್ದು ಬೇರೆ, ಇಬ್ಬರೂ ಒಂದೇ ಜಾಗದಲ್ಲಿದ್ದಾಗ ಬೇಕಾದದ್ದು ಇನ್ನೂ ಬೇರೆ. ಹಾಗಾಗಿ ಈ ಲೇಖನದಲ್ಲಿ ನಿಯಮ ನಾಲ್ಕನೇ ಹಂತದಲ್ಲಿ ಬರುತ್ತದೆ. ಅದಕ್ಕೆ ಮುಂಚೆ ಮಾಡುವ ಕೆಲಸವೇ ಜಾಸ್ತಿ ಮುಖ್ಯ, ದಯವಿಟ್ಟು ಹಾರಿಸಿ ಓದಬೇಡಿ.

ಏನೇನು ಬೇಕು?

ಒಂದು ನೋಟ್‌ಬುಕ್. ಅಪ್‌ಡೇಟ್ ಮಾಡಿದ ವಾಟ್ಸಾಪ್. ನಿಮ್ಮ ಜೊತೆ ಇನ್ನಿಬ್ಬರು ಅಡ್ಮಿನ್‌ಗಳು. ಅವರಲ್ಲಿ ಒಬ್ಬರು ಹೆಣ್ಣುಮಗಳಾಗಿರಲಿ, ಮತ್ತು ಮೂವರಲ್ಲಿ ಒಬ್ಬರಾದರೂ ಊರಲ್ಲಿ ಮಾತು ನಡೆಯುವ ಹಿರಿಯರಿರಲಿ. ಮೂವರೂ ಒಂದೇ ವಯಸ್ಸಿನ ಗೆಳೆಯರಾದರೆ ಮುಂದಿನ ಅರ್ಧ ಹಂತಗಳು ನಡೆಯುವುದೇ ಇಲ್ಲ, ಯಾಕೆ ಅಂತ ಆರನೇ ಹಂತದಲ್ಲಿ ಗೊತ್ತಾಗುತ್ತದೆ.

1. ಒಳಗೆ ಯಾರಿದ್ದಾರೆ ಅಂತ ಬರೆದುಕೊಳ್ಳಿ

ಸದಸ್ಯರ ಪಟ್ಟಿ ತೆಗೆದು ಹೆಸರಿನ ಮುಂದೆ ಅಂದಾಜು ವಯಸ್ಸು ಬರೆಯಿರಿ. ಹದಿಮೂರಕ್ಕಿಂತ ಕಡಿಮೆ, ಹದಿಮೂರರಿಂದ ಹದಿನೇಳು, ಹದಿನೆಂಟರಿಂದ ಮೂವತ್ತು, ಮೂವತ್ತರಿಂದ ಐವತ್ತೈದು, ಅದರ ಮೇಲೆ. ಇಷ್ಟು ಸಾಕು. ಯಾರಿಗೂ ಆಧಾರ್ ಕಾರ್ಡ್ ಕೇಳಬೇಡಿ. ಹಾಗೆ ಕೇಳಿ ಗ್ರೂಪ್‌ಗೆ ತರಿಸಿಕೊಂಡರೆ ಅದು ಇನ್ನೊಂದು ಅಪಾಯ. ಓಣಿಯಲ್ಲಿ ಯಾರ ಮಗ ಯಾವ ಕ್ಲಾಸು ಅಂತ ಯಾರಿಗೆ ಗೊತ್ತಿರುವುದಿಲ್ಲ?

ಈ ಹದಿಮೂರು ಎಲ್ಲಿಂದ ಬಂತು ಅಂತ ಕೇಳುವವರಿದ್ದಾರೆ. ಅಮೆರಿಕದಲ್ಲಿ 1998ರಲ್ಲಿ ಆದ ಒಂದು ಕಾನೂನು, ಹದಿಮೂರಕ್ಕಿಂತ ಚಿಕ್ಕ ಮಕ್ಕಳ ಮಾಹಿತಿಯನ್ನು ತಂದೆತಾಯಿಯ ಒಪ್ಪಿಗೆ ಇಲ್ಲದೆ ವೆಬ್‌ಸೈಟ್‌ಗಳು ಸಂಗ್ರಹಿಸಬಾರದು ಅಂದಿತು. ಆಮೇಲೆ ಬಂದ ದೊಡ್ಡ ಕಂಪನಿಗಳು ಅದೇ ವಯಸ್ಸನ್ನು ಗೆರೆಯಾಗಿ ಇಟ್ಟುಕೊಂಡವು. ವಾಟ್ಸಾಪ್, ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಎಲ್ಲದರಲ್ಲೂ ಖಾತೆ ತೆರೆಯಲು ಕನಿಷ್ಠ ಹದಿಮೂರು ಇರಬೇಕು. ನಮ್ಮ ದೇಶದ 2023ರ ಡಿಜಿಟಲ್ ಮಾಹಿತಿ ರಕ್ಷಣೆ ಕಾಯ್ದೆ ಇನ್ನೂ ಮೇಲಕ್ಕೆ ಹೋಗಿ, ಹದಿನೆಂಟು ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಕಂಪನಿಗಳು ತಂದೆತಾಯಿಯ ಒಪ್ಪಿಗೆ ಪಡೆಯಬೇಕು ಎನ್ನುತ್ತದೆ. ಆಸ್ಟ್ರೇಲಿಯಾ 2024ರಲ್ಲಿ ಹದಿನಾರಕ್ಕಿಂತ ಚಿಕ್ಕವರಿಗೆ ಸೋಷಿಯಲ್ ಮೀಡಿಯಾ ಖಾತೆಯೇ ಬೇಡ ಅಂತ ಕಾನೂನು ಮಾಡಿತು. ನಿಮ್ಮ ಗ್ರೂಪ್‌ಗೆ ನಾನು ಹೇಳುವುದು ಇಷ್ಟೇ: ಹದಿನೆಂಟನ್ನು ಗೆರೆಯಾಗಿ ಇಟ್ಟುಕೊಳ್ಳಿ.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. ಪಟ್ಟಿಯಲ್ಲಿರುವ ನಂಬರ್ ಒಬ್ಬರದು, ಓದುವವರು ಇನ್ನೊಬ್ಬರು. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮನೆಗಳಲ್ಲಿ ದೊಡ್ಡ ಫೋನ್ ಒಂದೇ. ಸಿಮ್ ತಂದೆಯ ಹೆಸರಲ್ಲಿ, ಹಗಲು ಫೋನ್ ತಾಯಿಯ ಹತ್ತಿರ, ಸಂಜೆ ಐದನೇ ಕ್ಲಾಸಿನ ಮಗಳ ಕೈಯಲ್ಲಿ. ಓದಲು ಬಾರದ ಆಯಿಗೆ ಮೊಮ್ಮಗ ಮೆಸೇಜ್ ಓದಿ ಹೇಳುತ್ತಾನೆ. ನೀವು ರಾತ್ರಿ ಹಾಕಿದ ಅಪಘಾತದ ಫೋಟೋವನ್ನು ಮೊದಲು ನೋಡುವುದು ಆ ಮಗುವೇ ಇರಬಹುದು. ಹಾಗಾಗಿ ನೋಟ್‌ಬುಕ್‌ನಲ್ಲಿ ಇನ್ನೊಂದು ಸಾಲು ಸೇರಿಸಿ: ಈ ಫೋನ್ ಮನೆಯಲ್ಲಿ ಯಾರ್ಯಾರ ಕೈಗೆ ಹೋಗುತ್ತದೆ? ಉತ್ತರ ನೋಡಿದರೆ ನಿಮ್ಮ ಗ್ರೂಪ್ ನೀವು ಅಂದುಕೊಂಡದ್ದಕ್ಕಿಂತ ಚಿಕ್ಕ ವಯಸ್ಸಿನದು ಅಂತ ಗೊತ್ತಾಗುತ್ತದೆ.

2. ಸುಮ್ನೆ ಇರುವವರು ಯಾಕೆ ಸುಮ್ನೆ ಇದ್ದಾರೆ ಅಂತ ಹುಡುಕಿ

ಯಾವ ದೊಡ್ಡ ಗ್ರೂಪ್‌ನಲ್ಲೂ ಮಾತಾಡುವವರು ಕೆಲವರೇ. ಇಂಟರ್ನೆಟ್ ಬಗ್ಗೆ ಅಧ್ಯಯನ ಮಾಡುವ ಜಾಕೋಬ್ ನೀಲ್ಸನ್ 2006ರಲ್ಲಿ ಇದಕ್ಕೆ ಒಂದು ಅಂದಾಜು ಕೊಟ್ಟಿದ್ದರು. ನೂರರಲ್ಲಿ ತೊಂಬತ್ತು ಜನ ಬರೀ ಓದುತ್ತಾರೆ, ಒಂಬತ್ತು ಜನ ಅಪರೂಪಕ್ಕೆ ಬರೆಯುತ್ತಾರೆ, ಉಳಿದ ಒಬ್ಬರೇ ಹೆಚ್ಚಿನದನ್ನೆಲ್ಲ ಬರೆಯುತ್ತಾರೆ. ಇದು ಅಂದಾಜೇ ಹೊರತು ಅಳತೆಯಲ್ಲ. ಆದರೆ ನಿಮ್ಮ ಗ್ರೂಪ್ ತೆರೆದು ಒಂದು ವಾರದ ಮೆಸೇಜ್ ನೋಡಿ, ಅದೇ ನಾಲ್ಕೈದು ಹೆಸರು ಕಾಣುತ್ತವೆ ಅಲ್ವಾ?

ಸುಮ್ನೆ ಓದುವುದು ತಪ್ಪಲ್ಲ. ಮಾತಾಡಬೇಕು ಅಂತ ಇದ್ದೂ ಆಗದೆ ಸುಮ್ನಿರುವುದು ಮಾತ್ರ ತೊಂದರೆ. ಇದರ ಹಿಂದಿನ ಒಂದು ಕಾರಣವನ್ನು ಅಧ್ಯಯನ ಮಾಡುವವರು ಕಾಂಟೆಕ್ಸ್ಟ್ ಕೊಲ್ಯಾಪ್ಸ್ ಅಂತ ಕರೆಯುತ್ತಾರೆ. ಸುಲಭವಾಗಿ ಹೇಳಬೇಕಂದರೆ, ಹೊರಗಿನ ಬದುಕಿನಲ್ಲಿ ನಾವು ಗೆಳೆಯರ ಮುಂದೆ ಒಂದು ಥರ, ಮಾವನವರ ಮುಂದೆ ಒಂದು ಥರ, ಮಾಸ್ತರ ಮುಂದೆ ಇನ್ನೊಂದು ಥರ ಮಾತಾಡುತ್ತೇವೆ. ಗ್ರೂಪ್‌ನಲ್ಲಿ ಇವರೆಲ್ಲ ಒಂದೇ ಕಡೆ ಕೂತಿರುತ್ತಾರೆ, ಯಾರ ಮುಂದೆ ಹೇಗೆ ಮಾತಾಡುವುದು ಅಂತ ತಿಳಿಯದೆ ಬಾಯಿ ಮುಚ್ಚಿಕೊಳ್ಳುತ್ತೇವೆ. ಮನೆಯಲ್ಲಿ ಮಾವನ ಮುಂದೆ ದನಿ ಎತ್ತದ ಸೊಸೆ, ಅದೇ ಮಾವ ಇರುವ ಗ್ರೂಪ್‌ನಲ್ಲಿ ಕುಡಿಯುವ ನೀರು ಮೂರು ದಿನದಿಂದ ಬಂದಿಲ್ಲ ಅಂತ ಟೈಪ್ ಮಾಡುವುದಿಲ್ಲ. ನೀರು ತರುವವಳು ಅವಳೇ. ಮಾತಾಡುವ ಗಂಡಸರು ಮಾತ್ರ ರಾಜಕೀಯ ಮಾತಾಡುತ್ತಿರುತ್ತಾರೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಕಾರಣ ತುಂಬಾ ಸರಳ. ವಾಟ್ಸಾಪ್ ಗ್ರೂಪ್‌ನಲ್ಲಿ ನಿಮ್ಮ ನಂಬರ್ ಎಲ್ಲರಿಗೂ ಕಾಣುತ್ತದೆ. ಒಂದು ಮೆಸೇಜ್ ಹಾಕಿದರೆ ರಾತ್ರಿ ಯಾರೋ ಒಬ್ಬ ಹಾಯ್ ಕಳಿಸುತ್ತಾನೆ. ಹೀಗೆ ಒಮ್ಮೆ ಆದರೆ ಸಾಕು, ಆ ಹುಡುಗಿ ಮತ್ತೆ ಆ ಗ್ರೂಪ್‌ನಲ್ಲಿ ಒಂದಕ್ಷರ ಬರೆಯುವುದಿಲ್ಲ, ಅವಳ ಗೆಳತಿಯರೂ ಬರೆಯುವುದಿಲ್ಲ.

ಹದಿಹರೆಯದವರ ಮೌನಕ್ಕೆ ಕಾರಣ ಬೇರೆ. ಅವರ ಮಾತು ಅಷ್ಟರಲ್ಲಾಗಲೇ ಇನ್‌ಸ್ಟಾಗ್ರಾಮ್‌ಗೆ ಹೋಗಿರುತ್ತದೆ. ಅವರನ್ನು ಎಳೆದು ತಂದು ಮಾತಾಡಿಸಲು ಹೋಗಬೇಡಿ. ಅವರಿಗೆ ಕೆಲಸಕ್ಕೆ ಬರುವುದು ನಿಮ್ಮಲ್ಲಿ ಸಿಕ್ಕರೆ, ಅಂದರೆ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಸೀಟು, ನೌಕರಿಯಲ್ಲಿ ಮೀಸಲಾತಿ ಕೊಡುವ 371(ಜೆ) ಸರ್ಟಿಫಿಕೇಟ್‌ಗೆ ಏನು ಕೊಡಬೇಕು, ಅರ್ಜಿಗೆ ಕೊನೆಯ ದಿನ ಯಾವುದು, ಹಾಸ್ಟೆಲ್ ಸೀಟು ಎಲ್ಲಿದೆ, ಇಂಥದ್ದು ಸಿಕ್ಕರೆ ತಾವೇ ಬರುತ್ತಾರೆ.

ಎಚ್ಚರಿಕೆ: ಯಾರು ಏನು ಯೋಚಿಸುತ್ತಾರೆ ಅಂತ ತಿಳಿಯಲು ಗ್ರೂಪ್‌ನಲ್ಲಿ ಪೋಲ್ ಹಾಕುವವರಿದ್ದಾರೆ. ಜಾತ್ರೆ ಪಟ್ಟಿ, ಮೀಟಿಂಗ್ ಟೈಮ್ ಇಂಥದ್ದಕ್ಕೆ ಪೋಲ್ ಒಳ್ಳೆಯದು. ಸೂಕ್ಷ್ಮ ವಿಷಯಕ್ಕೆ ಬೇಡ, ಯಾಕಂದರೆ ಯಾರು ಯಾವುದಕ್ಕೆ ಒತ್ತಿದ್ದಾರೆ ಅಂತ ಹೆಸರು ಸಮೇತ ಕಾಣುತ್ತದೆ. ಅಂಥದ್ದನ್ನು ಮಹಿಳಾ ಅಡ್ಮಿನ್ ಒಬ್ಬೊಬ್ಬರನ್ನೇ ಫೋನಿನಲ್ಲಿ ಕೇಳಲಿ.

3. ಒಂದೇ ಗ್ರೂಪ್‌ನಲ್ಲಿ ಎಲ್ಲವನ್ನೂ ತುಂಬಬೇಡಿ, ಒಡೆಯಿರಿ

ಒಂದು ವಾಟ್ಸಾಪ್ ಗ್ರೂಪ್‌ನಲ್ಲಿ 1024 ಜನ ಇರಬಹುದು. ಇರಬಹುದು ಅಂತ ತುಂಬಿಸಬೇಕಿಲ್ಲ. ನಾನು ಹೇಳುವುದು ಮೂರೇ ಗ್ರೂಪ್.

ಮೊದಲನೆಯದು ಸೂಚನೆ ಗ್ರೂಪ್. ಅಡ್ಮಿನ್‌ಗಳು ಮಾತ್ರ ಬರೆಯುತ್ತಾರೆ. ನೀರು, ಕರೆಂಟು, ರೇಷನ್, ಸಾವು, ಮದುವೆ, ಗ್ರಾಮಸಭೆ, ಎಪಿಎಂಸಿಯಲ್ಲಿ ಇವತ್ತಿನ ತೊಗರಿ ದರ. ಹದಿಮೂರು ದಾಟಿದ ಎಲ್ಲ ವಯಸ್ಸಿನವರೂ ಇಲ್ಲಿರಬಹುದು, ಯಾಕಂದರೆ ಇಲ್ಲಿ ಏನು ಬರುತ್ತದೆ ಅನ್ನುವುದು ನಿಮ್ಮ ಕೈಯಲ್ಲಿದೆ. ವಾಟ್ಸಾಪ್‌ನ ಕಮ್ಯುನಿಟಿ ಅನ್ನುವ ಸೌಲಭ್ಯ ಬಳಸಿದರೆ ಇನ್ನೂ ಒಳ್ಳೆಯದು. ಕಮ್ಯುನಿಟಿ ಅಂದರೆ ಹಲವು ಗ್ರೂಪ್‌ಗಳನ್ನು ಒಂದೇ ಹೆಸರಿನ ಕೆಳಗೆ ಇಡುವ ವ್ಯವಸ್ಥೆ. ಅದರ ಅನೌನ್ಸ್‌ಮೆಂಟ್ ಗ್ರೂಪ್‌ನಲ್ಲಿ ಸದಸ್ಯರ ನಂಬರ್ ಅಡ್ಮಿನ್‌ಗಳಿಗೆ ಮತ್ತು ಈಗಾಗಲೇ ಸೇವ್ ಮಾಡಿಕೊಂಡವರಿಗೆ ಬಿಟ್ಟು ಬೇರೆಯವರಿಗೆ ಕಾಣುವುದಿಲ್ಲ. ಎರಡನೇ ಹಂತದಲ್ಲಿ ಹೇಳಿದ ನಂಬರ್ ತೊಂದರೆ ಇಲ್ಲಿ ಅರ್ಧ ಕಡಿಮೆಯಾಗುತ್ತದೆ.

ಎರಡನೆಯದು ಮಾತಿನ ಗ್ರೂಪ್, ಹದಿನೆಂಟು ದಾಟಿದವರಿಗೆ. ಚರ್ಚೆ, ರಾಜಕೀಯ, ಶುಭಾಶಯ, ದೇವರ ಫೋಟೋ ಎಲ್ಲ ಇಲ್ಲೇ. ಬೆಳಗಿನ ಶುಭೋದಯ ಮೆಸೇಜ್ ನಿಲ್ಲಿಸಬೇಕು ಅಂತ ಹಠ ಹಿಡಿಯುವ ಅಡ್ಮಿನ್‌ಗಳನ್ನು ನೋಡಿದ್ದೇನೆ. ಬೇಡ ರೀ. ಮಕ್ಕಳು ಪುಣೆಗೋ ಹೈದರಾಬಾದಿಗೋ ಬೆಂಗಳೂರಿಗೋ ದುಡಿಯಲು ಹೋಗಿ, ಮನೆಯಲ್ಲಿ ಒಬ್ಬರೇ ಉಳಿದ ಹಿರಿಯರಿಗೆ ಆ ಒಂದು ಹೂವಿನ ಫೋಟೋ ಅಂದರೆ ನಾನು ಇವತ್ತೂ ಆರಾಮ ಇದ್ದೇನೆ ಅಂತ ಹೇಳುವ ದಾರಿ. ಅದಕ್ಕೆ ಜಾಗ ಕೊಡಿ, ಸೂಚನೆಯ ಜಾಗದಲ್ಲಿ ಮಾತ್ರ ಬೇಡ.

ಮೂರನೆಯದು ವಿದ್ಯಾರ್ಥಿಗಳದು. ಇದರಲ್ಲಿ ಹದಿನೆಂಟಕ್ಕಿಂತ ಚಿಕ್ಕವರು ಇರುವುದರಿಂದ ಒಳಗೆ ಬರುವ ದೊಡ್ಡವರು ಯಾರು ಅಂತ ಊರಿಗೆ ಗೊತ್ತಿರಬೇಕು. ಒಬ್ಬರು ಶಿಕ್ಷಕರು, ಒಬ್ಬ ತಾಯಿ, ನಿಮ್ಮ ಮಹಿಳಾ ಅಡ್ಮಿನ್. ಸಾಕು. ಹದಿಮೂರಕ್ಕಿಂತ ಚಿಕ್ಕವರಿಗೆ ಪ್ರತ್ಯೇಕ ಗ್ರೂಪ್ ಮಾಡಲೇಬೇಡಿ, ಅವರ ತಂದೆತಾಯಿಗೆ ತಿಳಿಸಿದರೆ ಆಯಿತು.

ಮೂರಕ್ಕಿಂತ ಜಾಸ್ತಿ ಮಾಡಿದರೆ ಯಾವುದರಲ್ಲಿ ಏನು ಹಾಕಬೇಕು ಅಂತ ಜನಕ್ಕೇ ಗೊಂದಲವಾಗಿ ಎಲ್ಲವನ್ನೂ ಎಲ್ಲದರಲ್ಲೂ ಹಾಕಲು ಶುರು ಮಾಡುತ್ತಾರೆ.

4. ನಿಯಮ ಐದೇ ಸಾಲು, ಮತ್ತು ಅದನ್ನು ಓದಿ ಹೇಳಿ

ಮಾತಿನ ಗ್ರೂಪ್‌ಗೆ ಹೀಗೆ ಬರೆಯಬಹುದು, ಬೇಕಾದರೆ ಇದನ್ನೇ ತೆಗೆದುಕೊಳ್ಳಿ:

ಇದು ನಮ್ಮ ಊರಿನವರ ಗ್ರೂಪ್, ಮನೆಯಲ್ಲಿ ಮಕ್ಕಳೂ ಈ ಫೋನ್ ನೋಡುತ್ತಾರೆ ಅನ್ನುವುದು ನೆನಪಿರಲಿ. ಹೆಣ, ರಕ್ತ, ಹೊಡೆದಾಟದ ಫೋಟೋ ವಿಡಿಯೋ ಬೇಡ. ಯಾರದೇ ಜಾತಿ, ಧರ್ಮ, ಮನೆಯ ಹೆಣ್ಣುಮಕ್ಕಳ ಬಗ್ಗೆ ಕೆಟ್ಟ ಮಾತು ಬೇಡ. ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಸುದ್ದಿಯನ್ನು ಮೊದಲು ಅಡ್ಮಿನ್‌ಗೆ ಕಳಿಸಿ. ಗ್ರೂಪ್‌ನಿಂದ ನಂಬರ್ ತೆಗೆದು ಯಾರಿಗೂ ವೈಯಕ್ತಿಕವಾಗಿ ಮೆಸೇಜ್ ಮಾಡಬೇಡಿ.

ಇದನ್ನು ಗ್ರೂಪ್ ಡಿಸ್ಕ್ರಿಪ್ಷನ್‌ನಲ್ಲಿ ಹಾಕಿ, ಮೆಸೇಜನ್ನು ಮೇಲೆ ಪಿನ್ ಮಾಡಿ. ಪಿನ್ ಗರಿಷ್ಠ ಮೂವತ್ತು ದಿನ ಇರುತ್ತದೆ, ಮುಗಿದ ಮೇಲೆ ಮತ್ತೆ ಮಾಡಬೇಕು. ಆದರೆ ಓದಲು ಕಷ್ಟವಾಗುವ ಹಿರಿಯರಿಗೆ ಇದರಿಂದ ಏನೂ ತಲುಪುವುದಿಲ್ಲ. ಅವರಿಗಾಗಿ ಇದೇ ಐದು ಸಾಲನ್ನು ನಮ್ಮ ಕಡೆಯ ಮಾತಿನಲ್ಲಿ, ಹಿರಿಯ ಅಡ್ಮಿನ್ ದನಿಯಲ್ಲಿ ರೆಕಾರ್ಡ್ ಮಾಡಿ ಹಾಕಿ. ನಿಮ್ಮ ಊರಲ್ಲಿ ಉರ್ದು, ಮರಾಠಿ, ತೆಲುಗು, ಲಂಬಾಣಿ ಮಾತಾಡುವವರಿದ್ದರೆ ಆ ಮಾತಿನಲ್ಲೂ ಒಂದೊಂದು ರೆಕಾರ್ಡ್ ಮಾಡಿಸಿ. ಬೀದರ್ ಕಡೆ ಇದು ಬೇಕೇ ಬೇಕು. ತನ್ನ ಮಾತಿನಲ್ಲಿ ಕೇಳಿದ ನಿಯಮವನ್ನು ಜನ ತಮ್ಮದು ಅಂತ ಒಪ್ಪಿಕೊಳ್ಳುತ್ತಾರೆ.

ವಾಯ್ಸ್ ಮೆಸೇಜ್ ಬಗ್ಗೆ ಹಿರಿಯರಿಗೂ ಹುಡುಗರಿಗೂ ಯಾವಾಗಲೂ ತಿಕ್ಕಾಟ. ಟೈಪ್ ಮಾಡಲು ಬಾರದವರಿಗೆ ಅದೇ ಬಾಯಿ, ಆದ್ದರಿಂದ ನಿಷೇಧಿಸಬೇಡಿ. ಒಂದು ನಿಮಿಷದೊಳಗೆ ಮುಗಿಸಿ ಅಂತ ಕೇಳಿಕೊಳ್ಳಿ.

5. ಸೆಟ್ಟಿಂಗ್ಸ್ ಒಮ್ಮೆ ಕೂತು ಸರಿ ಮಾಡಿ

ಗ್ರೂಪ್ ಹೆಸರು ಒತ್ತಿ, ಕೆಳಗೆ ಬಂದು ಗ್ರೂಪ್ ಪರ್ಮಿಷನ್ಸ್‌ಗೆ ಹೋಗಿ. ಗ್ರೂಪ್‌ನ ಹೆಸರು, ಫೋಟೋ ಬದಲಿಸುವುದು ಅಡ್ಮಿನ್‌ಗಳಿಗೆ ಮಾತ್ರ. ಹೊಸಬರನ್ನು ಸೇರಿಸುವುದೂ ಅಡ್ಮಿನ್‌ಗಳಿಗೆ ಮಾತ್ರ. ಹೊಸ ಸದಸ್ಯರಿಗೆ ಅಡ್ಮಿನ್ ಒಪ್ಪಿಗೆ ಬೇಕು ಅನ್ನುವುದನ್ನು ಆನ್ ಮಾಡಿ. ಸೂಚನೆ ಗ್ರೂಪ್‌ನಲ್ಲಿ ಮೆಸೇಜ್ ಕಳಿಸುವುದನ್ನೂ ಅಡ್ಮಿನ್‌ಗಳಿಗೆ ಸೀಮಿತ ಮಾಡಿ.

ಗ್ರೂಪ್ ಸೇರುವ ಲಿಂಕನ್ನು ಫೇಸ್‌ಬುಕ್‌ನಲ್ಲೋ ಬೇರೆ ಗ್ರೂಪ್‌ಗಳಲ್ಲೋ ಹಾಕಬೇಡಿ. ವಿದ್ಯಾರ್ಥಿ ಗ್ರೂಪ್‌ನದ್ದಂತೂ ಬೇಡವೇ ಬೇಡ. ಸ್ಕಾಲರ್‌ಶಿಪ್ ಬಂದಿದೆ, ಲ್ಯಾಪ್‌ಟಾಪ್ ಕೊಡುತ್ತಾರೆ ಅನ್ನುವ ಸುಳ್ಳು ಲಿಂಕ್‌ನವರು ಹುಡುಕುವುದೇ ಇಂಥ ಗ್ರೂಪ್‌ಗಳನ್ನು. ಲಿಂಕ್ ಈಗಾಗಲೇ ಹರಡಿದ್ದರೆ ಇನ್ವೈಟ್ ಲಿಂಕ್‌ನಲ್ಲಿ ರೀಸೆಟ್ ಒತ್ತಿ, ಹಳೆಯದು ಸತ್ತುಹೋಗುತ್ತದೆ.

ಸದಸ್ಯರಿಗೂ ಒಂದು ಕೆಲಸ ಹೇಳಿ. ಅವರವರ ಫೋನಿನಲ್ಲಿ ಸೆಟ್ಟಿಂಗ್ಸ್, ಪ್ರೈವಸಿ, ಗ್ರೂಪ್ಸ್‌ಗೆ ಹೋಗಿ, ಮೈ ಕಾಂಟ್ಯಾಕ್ಟ್ಸ್ ಅಂತ ಇಟ್ಟುಕೊಂಡರೆ ಗುರುತಿಲ್ಲದವರು ಸೀದಾ ಯಾವ ಗ್ರೂಪ್‌ಗೂ ಎಳೆಯಲು ಆಗುವುದಿಲ್ಲ. ಮನೆಯ ಹಿರಿಯರ ಫೋನಿನಲ್ಲಿ ಇದನ್ನು ಮೊಮ್ಮಕ್ಕಳು ಮಾಡಿಕೊಡಲಿ.

6. ತಿದ್ದುವಾಗ ವಯಸ್ಸು ನೋಡಿ

ಈ ಹಂತ ಕೆಟ್ಟರೆ ಮೇಲಿನದೆಲ್ಲ ವ್ಯರ್ಥ, ಅದಕ್ಕೆ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಅಮೆರಿಕದಲ್ಲಿ 2016ರ ಚುನಾವಣೆ ಸಮಯದ ಫೇಸ್‌ಬುಕ್ ಹಂಚಿಕೆಗಳನ್ನು ನೋಡಿದ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅರವತ್ತೈದು ದಾಟಿದವರು ಅತಿ ಚಿಕ್ಕ ವಯಸ್ಸಿನ ಗುಂಪಿಗಿಂತ ಸುಮಾರು ಏಳು ಪಟ್ಟು ಹೆಚ್ಚು ಸುಳ್ಳು ಸುದ್ದಿ ತಾಣಗಳ ಲೇಖನ ಹಂಚಿಕೊಂಡಿದ್ದರು. ಅದು ಅಲ್ಲಿನ ಲೆಕ್ಕ. ಜೊತೆಗೆ ಅದೇ ಅಧ್ಯಯನ ಹೇಳಿದ್ದು, ಹೆಚ್ಚಿನ ಜನ ಅಂಥ ಯಾವುದನ್ನೂ ಹಂಚಿಕೊಂಡಿರಲೇ ಇಲ್ಲ ಅಂತ. ಹಾಗಾಗಿ ಹಿರಿಯರೆಲ್ಲ ಹೀಗೇ ಅಂತ ತೀರ್ಮಾನ ಮಾಡಿಬಿಡಬೇಡಿ. ನಮ್ಮ ಊರಲ್ಲಿ ಫಾರ್ವರ್ಡ್ ಮಾಡುವ ಹೆಚ್ಚಿನ ಹಿರಿಯರ ಮನಸ್ಸಿನಲ್ಲಿ ಇರುವುದು ಕಾಳಜಿ. ಈ ಹಣ್ಣು ತಿನ್ನಬೇಡಿ, ಆ ರಸ್ತೆಯಲ್ಲಿ ಹೋಗಬೇಡಿ, ಮಕ್ಕಳನ್ನು ಹುಷಾರಾಗಿ ನೋಡಿಕೊಳ್ಳಿ. ಕಾಳಜಿಯಿಂದ ಹಾಕಿದ್ದನ್ನು ನೂರು ಜನರ ಮುಂದೆ ಫೇಕ್ ಅಂದರೆ ಅವರಿಗೆ ಅದು ಅವಮಾನ. ಮರುದಿನ ಗ್ರೂಪ್ ಬಿಡುತ್ತಾರೆ, ಇಲ್ಲವೇ ಹಠಕ್ಕೆ ಬಿದ್ದು ಇನ್ನೂ ಹತ್ತು ಹಾಕುತ್ತಾರೆ.

ಹಾಗಾಗಿ ಹಿರಿಯರನ್ನು ಗ್ರೂಪ್‌ನಲ್ಲಿ ತಿದ್ದಬೇಡಿ. ಮೆಸೇಜ್ ಕೂಡ ಬೇಡ, ಫೋನ್ ಮಾಡಿ. ಮಾಡುವವರು ಅವರ ವಯಸ್ಸಿನ ಹತ್ತಿರದ ಅಡ್ಮಿನ್ ಆಗಿರಲಿ. ಅಂಥವರು ಸಿಗದಿದ್ದರೆ ಕಿರಿಯರೂ ಹೀಗೆ ಹೇಳಬಹುದು: "ಕಾಕಾ, ನಮಸ್ಕಾರ್ರಿ. ಮುಂಜಾನಿ ನೀವು ಹಾಕಿದ ವಿಡಿಯೋ ನೋಡಿದೆರಿ. ಅದು ನಮ್ಮ ಕಡೆದಲ್ಲರಿ, ಭಾಳ ಹಳೇದದ. ಸಣ್ಣ ಹುಡುಗರು ನೋಡಿ ಹೆದರತಾರ. ನೀವೇ ತೆಗದುಬಿಟ್ರ ಚಲೋ ಆಗ್ತದರಿ." ಬಹಳಷ್ಟು ಜನ ತಕ್ಷಣ ಒಪ್ಪುತ್ತಾರೆ.

ಒಪ್ಪಿದ ಮೇಲೆ ಒಂದು ತೊಡಕು. ಡಿಲೀಟ್ ಒತ್ತಿದಾಗ ಎರಡು ಆಯ್ಕೆ ಬರುತ್ತವೆ. ಡಿಲೀಟ್ ಫಾರ್ ಮಿ ಅಂದರೆ ಅವರ ಫೋನಿನಿಂದ ಮಾತ್ರ ಹೋಗುತ್ತದೆ, ಉಳಿದವರಿಗೆ ಹಾಗೇ ಕಾಣುತ್ತಿರುತ್ತದೆ. ಡಿಲೀಟ್ ಫಾರ್ ಎವ್ರಿವನ್ ಅಂದರೆ ಎಲ್ಲರಿಂದಲೂ. ಹಿರಿಯರು ಮೊದಲನೆಯದನ್ನು ಒತ್ತಿ ಹೋಯಿತು ಅಂತ ನಂಬಿಕೊಂಡು ಕೂರುತ್ತಾರೆ. ಅದಕ್ಕೇ ಫೋನಿನಲ್ಲಿ ಇದ್ದಾಗಲೇ ಯಾವುದನ್ನು ಒತ್ತಬೇಕು ಅಂತ ಹೇಳಿ. ತಪ್ಪಿ ಒತ್ತಿದ್ದರೆ ಅಡ್ಮಿನ್ ಆಗಿ ನೀವು ತೆಗೆಯಬಹುದು. ಆಗ ಅಡ್ಮಿನ್ ತೆಗೆದರು ಅಂತ ಎಲ್ಲರಿಗೂ ಕಾಣುವುದರಿಂದ ಮೊದಲೇ ಅವರಿಗೆ ಹೇಳಿಬಿಡಿ.

ಹುಡುಗರದು ಬೇರೆ ದಾರಿ. ಅವರಿಗೆ ಸುತ್ತಿ ಬಳಸಿ ಹೇಳಿದರೆ ಸಿಟ್ಟು. ಸೀದಾ, ಕಾರಣ ಸಮೇತ, ಬೇಗ ಹೇಳಬೇಕು. "ತಮ್ಮಾ, ಆ ಮೀಮ್ ತೆಗಿ. ಅವರ ಮನಿ ಮಂದಿ ಗ್ರೂಪ್‌ನಾಗ ಇದ್ದಾರ." ಇಷ್ಟೇ ಸಾಕು. ಸಣ್ಣ ತಪ್ಪಿಗೆ ಅಪ್ಪನಿಗೆ ದೂರು ಹೇಳಬೇಡಿ. ಒಂದು ಸಲ ಮನೆಗೆ ಸುದ್ದಿ ಹೋಯಿತು ಅಂದರೆ, ನಾಳೆ ಅವನಿಗೆ ನಿಜವಾಗಲೂ ತೊಂದರೆ ಬಂದಾಗ, ಯಾರೋ ಫೋಟೋ ಇಟ್ಟುಕೊಂಡು ಹೆದರಿಸುತ್ತಿದ್ದಾರೆ ಅನ್ನುವಂಥ ತೊಂದರೆ ಬಂದಾಗ, ನಿಮ್ಮ ಹತ್ತಿರ ಬರುವುದಿಲ್ಲ.

ಮತ್ತೆ ಮತ್ತೆ ಹೇಳಿದರೂ ಕೇಳದವರಿಗೆ ವಯಸ್ಸಿನ ಭೇದ ಇಲ್ಲ. ಒಂದು ಫೋನ್, ಒಂದು ಲಿಖಿತ ಎಚ್ಚರಿಕೆ, ಆಮೇಲೆ ರಿಮೂವ್. ಊರಿನ ದೊಡ್ಡ ಮನುಷ್ಯರು ಅಂತ ಒಬ್ಬರಿಗೆ ಬಿಟ್ಟರೆ ಉಳಿದವರಿಗೆ ನಿಯಮ ಹೇಳುವ ಬಾಯಿ ನಿಮಗಿರುವುದಿಲ್ಲ. ವಾಟ್ಸಾಪ್‌ನಲ್ಲಿ ಒಬ್ಬರ ಬಾಯಿ ಮಾತ್ರ ಮುಚ್ಚಿಸುವ ಸೌಲಭ್ಯ ಇಲ್ಲ. ಟೆಲಿಗ್ರಾಂನಲ್ಲಿ ಇದೆ, ಅಲ್ಲಿ ಸ್ಲೋ ಮೋಡ್ ಕೂಡ ಇದೆ, ಅಂದರೆ ಒಬ್ಬರು ಒಂದು ಮೆಸೇಜ್ ಹಾಕಿದ ಮೇಲೆ ಇಂತಿಷ್ಟು ಹೊತ್ತು ಕಾಯಬೇಕು. ನಂಬರ್ ಮುಚ್ಚಿಡುವುದೂ ಸಾಧ್ಯ. ವಿದ್ಯಾರ್ಥಿ ಗ್ರೂಪ್ ದೊಡ್ಡದಾದರೆ ಅಲ್ಲಿಗೆ ಹೋಗಬಹುದು, ಆದರೆ ಹಿರಿಯರನ್ನು ಎಳೆದುಕೊಂಡು ಹೋಗಬೇಡಿ. ಅವರು ಕಲಿತಿರುವುದು ವಾಟ್ಸಾಪ್.

7. ವದಂತಿ ಬಂದಾಗ ಮೊದಲ ಹತ್ತು ನಿಮಿಷ

2018ರ ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ಭಾಗದ ಮುರ್ಕಿಯಲ್ಲಿ ಏನಾಯಿತು ಅಂತ ನಮ್ಮ ಕಡೆಯ ಪ್ರತಿ ಅಡ್ಮಿನ್‌ಗೂ ಗೊತ್ತಿರಬೇಕು. ಹೈದರಾಬಾದಿನಿಂದ ಬಂದಿದ್ದ ಗೆಳೆಯರು ಮಕ್ಕಳಿಗೆ ಚಾಕ್ಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅಂತ ಅನುಮಾನ ಹುಟ್ಟಿತು. ಅವರ ಕಾರಿಗಿಂತ ಮೊದಲೇ ಸುದ್ದಿ ವಾಟ್ಸಾಪ್‌ನಲ್ಲಿ ಮುಂದಿನ ಊರು ತಲುಪಿತ್ತು. ಜನ ಸೇರಿ ಹೊಡೆದರು, ಒಬ್ಬ ಯುವ ಎಂಜಿನಿಯರ್ ಸತ್ತರು. ಪೊಲೀಸರು ಬಂಧಿಸಿದವರಲ್ಲಿ ಒಂದು ವಾಟ್ಸಾಪ್ ಗ್ರೂಪ್‌ನ ಅಡ್ಮಿನ್ ಕೂಡ ಇದ್ದರು. ಆ ವರ್ಷ ದೇಶದ ತುಂಬ ಓಡಾಡಿದ ಮಕ್ಕಳ ಕಳ್ಳರ ವಿಡಿಯೋಗಳಲ್ಲಿ ಒಂದು, ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿಯೇ ಮಾಡಿದ್ದ ಜಾಗೃತಿ ಚಿತ್ರ. ಕೊನೆಯಲ್ಲಿ ಮಗುವನ್ನು ವಾಪಸ್ ಬಿಡುವ ಭಾಗವನ್ನು ಯಾರೋ ಕತ್ತರಿಸಿದ್ದರು.

ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಮೆಸೇಜನ್ನು ಒಂದು ಸಲಕ್ಕೆ ಐದು ಕಡೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ಹೇಳಿತು. 2020ರಲ್ಲಿ, ತುಂಬಾ ಸಲ ಫಾರ್ವರ್ಡ್ ಆದದ್ದನ್ನು ಒಂದೇ ಕಡೆ ಕಳಿಸಬಹುದು ಅಂತ ಮಾಡಿತು. ಅಂಥ ಮೆಸೇಜ್ ಮೇಲೆ ಎರಡು ಬಾಣದ ಗುರುತು ಇರುತ್ತದೆ. ನಿಮ್ಮ ಹಿರಿಯರಿಗೆ ಈ ಒಂದು ಗುರುತನ್ನು ತೋರಿಸಿ ಕಲಿಸಿ: ಎರಡು ಬಾಣ ಕಂಡರೆ ಇದು ನಮ್ಮ ಊರಿನವರು ಬರೆದದ್ದಲ್ಲ, ಬಹಳ ಕೈ ದಾಟಿ ಬಂದದ್ದು.

ಇಂಥ ಮೆಸೇಜ್ ನಿಮ್ಮ ಗ್ರೂಪ್‌ಗೆ ಬಿದ್ದರೆ ಚರ್ಚೆಗೆ ಬಿಡಬೇಡಿ. ಮೊದಲು ಪರ್ಮಿಷನ್ಸ್‌ಗೆ ಹೋಗಿ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಗ್ರೂಪ್ ಮುಚ್ಚಿ. ಎರಡನೆಯದಾಗಿ ಮೆಸೇಜ್ ಎಲ್ಲರಿಂದಲೂ ತೆಗೆಯಿರಿ. ಮೂರನೆಯದಾಗಿ 112ಕ್ಕೆ ಅಥವಾ ನಿಮ್ಮ ಠಾಣೆಗೆ ಫೋನ್ ಮಾಡಿ ಇಂಥ ಸುದ್ದಿ ಓಡುತ್ತಿದೆ ಅಂತ ತಿಳಿಸಿ. ಯಾರನ್ನಾದರೂ ಜನ ತಡೆದು ನಿಲ್ಲಿಸಿದ್ದಾರೆ ಅಂತ ಗೊತ್ತಾದರೆ ಈ ಫೋನೇ ಮೊದಲು, ಉಳಿದದ್ದು ಆಮೇಲೆ. ಕೊನೆಗೆ ಹಿರಿಯ ಅಡ್ಮಿನ್ ದನಿಯಲ್ಲಿ ಅರ್ಧ ನಿಮಿಷದ ವಾಯ್ಸ್ ಹಾಕಿ: ಈ ಸುದ್ದಿ ಖಚಿತವಾಗಿಲ್ಲ, ಪೊಲೀಸರಿಗೆ ತಿಳಿಸಿದ್ದೇವೆ, ಯಾರೂ ಮನೆ ಬಿಟ್ಟು ಗುಂಪು ಸೇರಬೇಡಿ. ಮೂಲ ವಿಡಿಯೋವನ್ನು ಇದು ಸುಳ್ಳು ಅಂತ ಬರೆದು ಮತ್ತೆ ಹಾಕಬೇಡಿ. ಓದಲು ಬಾರದವರಿಗೆ ವಿಡಿಯೋ ಮಾತ್ರ ಕಾಣುತ್ತದೆ, ಸುಳ್ಳು ಅನ್ನುವ ಅಕ್ಷರ ಕಾಣುವುದಿಲ್ಲ.

8. ಮಕ್ಕಳ ವಿಷಯದಲ್ಲಿ ರಾಜಿ ಬೇಡ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಮಕ್ಕಳ ಅಂಕಪಟ್ಟಿ, ರಿಜಿಸ್ಟರ್ ನಂಬರ್, ಯೂನಿಫಾರ್ಮ್ ಫೋಟೋ, ಅಪ್ಪನ ಫೋನ್ ನಂಬರ್ ಎಲ್ಲ ಒಟ್ಟಿಗೆ ಗ್ರೂಪ್‌ಗೆ ಬರುತ್ತದೆ. ಖುಷಿಯಿಂದಲೇ ಹಾಕುತ್ತಾರೆ. ಹೆಸರು ಮತ್ತು ಅಂಕ ಹೇಳಿ ಹರಸೋಣ, ಉಳಿದದ್ದನ್ನು ತೆಗೆಯೋಣ ಅಂತ ಹೇಳಿ. ಕಡಿಮೆ ಅಂಕ ಬಂದ ಮಗುವೂ ಅದೇ ಗ್ರೂಪ್‌ನಲ್ಲಿದೆ ಅನ್ನುವುದೂ ನೆನಪಿರಲಿ.

ದೊಡ್ಡವರೊಬ್ಬರು ವಿದ್ಯಾರ್ಥಿ ಗ್ರೂಪ್‌ನ ಮಗುವಿಗೆ ವೈಯಕ್ತಿಕವಾಗಿ ಮೆಸೇಜ್ ಮಾಡುತ್ತಿದ್ದಾರೆ ಅಂತ ಮಗು ಹೇಳಿದರೆ, ಅವತ್ತೇ ಆ ವ್ಯಕ್ತಿಯನ್ನು ತೆಗೆಯಿರಿ, ಮಗುವಿನ ತಾಯಿಗೋ ತಂದೆಗೋ ತಿಳಿಸಿ. ಕರೆದು ಕೂರಿಸಿ ಪಂಚಾಯ್ತಿ ಮಾಡಬೇಡಿ. ಮೆಸೇಜ್ ಅಶ್ಲೀಲವಾಗಿದ್ದರೆ ಅದು ಪೋಕ್ಸೊ ವ್ಯಾಪ್ತಿಗೆ ಬರುತ್ತದೆ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ 2012ರ ಕಾಯ್ದೆ. ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದು ಆ ಕಾಯ್ದೆಯಡಿ ತಪ್ಪು. ಮಗುವಿನ ಹೆಸರು ಹೊರಗೆ ಹೇಳುವುದೂ ತಪ್ಪು. ಮಕ್ಕಳ ಸಹಾಯವಾಣಿ 1098.

ಮಗುವಿನ ಅಶ್ಲೀಲ ಚಿತ್ರ ಗ್ರೂಪ್‌ಗೆ ಬಂದರೆ ಸಾಕ್ಷಿ ಅಂತ ಸ್ಕ್ರೀನ್‌ಶಾಟ್ ತೆಗೆದು ಇನ್ನೊಬ್ಬ ಅಡ್ಮಿನ್‌ಗೆ ಕೂಡ ಕಳಿಸಬೇಡಿ. ಐಟಿ ಕಾಯ್ದೆಯ 67ಬಿ ಪ್ರಕಾರ ಅಂಥದ್ದನ್ನು ಹಂಚುವುದು, ಡೌನ್‌ಲೋಡ್ ಮಾಡುವುದೇ ಅಪರಾಧ, ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು. ಕಳಿಸಿದ ನಂಬರ್, ದಿನ, ಸಮಯ ನೋಟ್‌ಬುಕ್‌ನಲ್ಲಿ ಬರೆದು ಠಾಣೆಗೆ ಹೋಗಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲೂ ದೂರು ಕೊಡಬಹುದು. ಹಣ ಹೋದ ಮೋಸಕ್ಕಾದರೆ 1930ಕ್ಕೆ ತಕ್ಷಣ ಫೋನ್ ಮಾಡಿ, ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು.

ಯಾರೋ ಹಾಕಿದ್ದಕ್ಕೆ ಅಡ್ಮಿನ್ ಜೈಲಿಗೆ ಹೋಗಬೇಕಾ ಅಂತ ಬಹಳ ಜನ ಹೆದರಿ ಕೇಳುತ್ತಾರೆ. ಬಾಂಬೆ ಹೈಕೋರ್ಟ್‌ನ ನಾಗ್ಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ, ಬರೀ ಅಡ್ಮಿನ್ ಆಗಿದ್ದ ಮಾತ್ರಕ್ಕೆ ಸದಸ್ಯರು ಹಾಕಿದ್ದಕ್ಕೆ ಹೊಣೆ ಆಗುವುದಿಲ್ಲ ಅಂತ ಹೇಳಿವೆ. ಆದರೆ ನೀವೂ ಅದನ್ನು ಹಂಚಿದರೆ, ಹೊಗಳಿದರೆ, ಸೇರಿ ಯೋಜನೆ ಮಾಡಿದರೆ ಲೆಕ್ಕ ಬೇರೆ.

9. ಆರು ತಿಂಗಳಿಗೊಮ್ಮೆ ಪಟ್ಟಿ ಮತ್ತೆ ನೋಡಿ

ಹದಿನೆಂಟು ತುಂಬಿದ ಹುಡುಗ ಹುಡುಗಿಯರನ್ನು ಮಾತಿನ ಗ್ರೂಪ್‌ಗೆ ಕರೆಯಿರಿ, ಒಳಗೆ ಬಂದಾಗ ಹಿರಿಯರು ಒಂದು ಮಾತು ಸ್ವಾಗತ ಹೇಳಲಿ. ತೀರಿಹೋದವರ ನಂಬರ್ ಬೇರೆಯವರ ಕೈಗೆ ಹೋಗಿರಬಹುದು, ತೆಗೆಯಿರಿ. ದುಡಿಯಲು ಹೊರಗೆ ಹೋದವರನ್ನು ತೆಗೆಯಬೇಡಿ, ಅವರಿಗೆ ಊರು ಅಂದರೆ ಈಗ ಆ ಸೂಚನೆ ಗ್ರೂಪೇ. ಮಹಿಳಾ ಅಡ್ಮಿನ್ ಹತ್ತಿರ, ಈ ಆರು ತಿಂಗಳಲ್ಲಿ ಹೊಸದಾಗಿ ಯಾವ ಹೆಣ್ಣುಮಕ್ಕಳು ಬರೆದರು ಅಂತ ಕೇಳಿ. ಒಬ್ಬರೂ ಇಲ್ಲ ಅಂದರೆ ಎರಡನೇ ಹಂತಕ್ಕೆ ವಾಪಸ್ ಹೋಗಿ.

ನೀವೇ ಊರು ಬಿಡುತ್ತಿದ್ದರೆ ಅಥವಾ ನಂಬರ್ ಬದಲಿಸುತ್ತಿದ್ದರೆ, ಗ್ರೂಪ್‌ನಿಂದ ಹೊರಬರುವ ಮೊದಲು ಇನ್ನೊಬ್ಬರನ್ನು ಅಡ್ಮಿನ್ ಮಾಡಿ, ನೋಟ್‌ಬುಕ್ ಅವರ ಕೈಗೆ ಕೊಡಿ. ಇದ್ದ ಒಬ್ಬರೇ ಅಡ್ಮಿನ್ ಹೊರಟುಹೋದರೆ ವಾಟ್ಸಾಪ್ ಸದಸ್ಯರಲ್ಲಿ ಯಾರನ್ನೋ ಒಬ್ಬರನ್ನು ತಾನೇ ಅಡ್ಮಿನ್ ಮಾಡಿಬಿಡುತ್ತದೆ, ಮತ್ತು ಅದು ಅಪ್ಪನ ಫೋನ್ ಹಿಡಿದು ಕೂತ ಐದನೇ ಕ್ಲಾಸಿನ ಹುಡುಗನೂ ಆಗಿರಬಹುದು.